ನಾದಯೋಗಿ ಮುತ್ತುಸ್ವಾಮಿ ದೀಕ್ಷಿತರು

ಸಂಗೀತವು ಮನುಷ್ಯನ ಮನಸ್ಸಿನ ಮೇಲೆ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಒಂದು ಬಗೆಯದು ನಮ್ಮನ್ನು ಎಬ್ಬಿಸುತ್ತದೆ. ಅದನ್ನು ಕೇಳುತ್ತಿದ್ದಂತೆಯೇ ಕೈ ತಾಳ ಹಾಕುತ್ತದೆ, ತಲೆ ತೂಗುತ್ತದೆ, ಒಮ್ಮೊಮ್ಮೆ ಕಣ್ಣು ತೇವವಾಗುತ್ತದೆ. ಮತ್ತೊಂದು ಬಗೆಯದು ನಮ್ಮನ್ನು ಕೂರಿಸುತ್ತದೆ. ಗಾಳಿ ನಿಂತ ಮೇಲೆ ಕೆರೆಯ ನೀರು ತಾನಾಗಿಯೇ ತಿಳಿಯಾಗುವಂತೆ ಅದನ್ನು ಕೇಳಿದ ಮನಸ್ಸು ತನಗರಿವಿಲ್ಲದೆಯೇ ನಿಶ್ಚಲವಾಗುತ್ತದೆ. ಮೊದಲನೆಯ ಬಗೆಯ ಸಂಗೀತಗಾರರು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಹೇರಳವಾಗಿದ್ದಾರೆ. ಎರಡನೆಯ ಬಗೆಯವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರಾದವರು, ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು.

ನಾನು ಸಂಗೀತದ ವಿದ್ಯಾರ್ಥಿಯಲ್ಲ. ಚರಿತ್ರೆಯನ್ನೂ ಕನ್ನಡ ಸಾಹಿತ್ಯವನ್ನೂ ಓದುತ್ತಿರುವವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಭಜನೆಯ ಪದ, ಸೋಬಾನೆ, ಕೋಲಾಟದ ಹಾಡು, ಇವು ನಮಗೆ ಮನೆಯ ಸೊತ್ತು; ಶಾಸ್ತ್ರೀಯ ಸಂಗೀತವಾದರೋ ಆಕಾಶವಾಣಿಯ ಮೂಲಕ ದೂರದಿಂದ ಕೇಳಿ ಬಂದದ್ದು. ಹೀಗಿದ್ದರೂ ಈ ಮಹನೀಯರ ಜೀವನವನ್ನು ಕುರಿತು ಬರೆಯಲು ನಾನು ಹೊರಟಿರುವುದಕ್ಕೆ ಒಂದು ಕಾರಣವುಂಟು. ನಮ್ಮಂಥವರ ಮನೆಗಳಲ್ಲಿ ಸುಮ್ಮನೆ ಕೂರುವುದೆಂದರೆ ಸೋಮಾರಿತನ. ಕೈಗೆ ಕೆಲಸವಿಲ್ಲದೆ ಕಂಬಕ್ಕೊರಗಿ ಕುಳಿತ ಹುಡುಗನನ್ನು ಹಿರಿಯರು ಗದರಿಸಿಯೇ ಎಬ್ಬಿಸುತ್ತಾರೆ. ಮನಸ್ಸಿನ ಶಾಂತಿ, ನಿಶ್ಚಲತೆ ಎಂಬ ಮಾತುಗಳೆಲ್ಲ ಹೊಟ್ಟೆ ತುಂಬಿದವರಿಗೆ ಮಾತ್ರ ಒಪ್ಪುವ ಭೋಗವೋ, ಅಥವಾ ದುಡಿಯುವವನಿಗೂ ಅದರಲ್ಲಿ ಪಾಲುಂಟೋ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ದೀಕ್ಷಿತರ ಚರಿತ್ರೆಯನ್ನು ಓದುತ್ತ ಹೋದಂತೆ ಈ ಪ್ರಶ್ನೆಗೆ ಒಂದು ಉತ್ತರ ದೊರೆಯಿತೆಂದು ನನಗೆ ತೋರಿತು. ಅದನ್ನು ಸಹಪಾಠಿಗಳ ಮುಂದೆಯೂ ಗುರುವೃಂದದ ಮುಂದೆಯೂ ಇಡುತ್ತಿದ್ದೇನೆ.

ದೀಕ್ಷಿತರು ಹುಟ್ಟಿದ್ದು ಚೋಳ ದೇಶದ ತಿರುವಾರೂರಿನಲ್ಲಿ. ಮನ್ಮಥ ಸಂವತ್ಸರದ ಪಂಗುನಿ ಮಾಸದ ಕೃತ್ತಿಕಾ ನಕ್ಷತ್ರದಲ್ಲಿ ಎಂದು ಅವರ ಮನೆತನದ ಹೇಳಿಕೆ. ಇದನ್ನು ಕ್ರಿ.ಶ. ೧೭೭೫ ಎಂದು ಕೆಲವರೂ ೧೭೭೬ ಎಂದು ಕೆಲವರೂ ಎಣಿಸುತ್ತಾರೆ. ಶ್ಯಾಮಾಶಾಸ್ತ್ರಿಗಳು ೧೭೬೨ರಲ್ಲಿಯೂ ತ್ಯಾಗರಾಜರು ೧೭೬೭ರಲ್ಲಿಯೂ ಜನಿಸಿದ್ದು ಇದೇ ಊರಿನಲ್ಲಿ. ಹದಿನೈದು ವರ್ಷಗಳೊಳಗೆ ಒಂದೇ ಊರಿನಲ್ಲಿ ಇಂತಹ ಮೂವರು ಹುಟ್ಟಿದ ಉದಾಹರಣೆ ಸಂಗೀತದ ಚರಿತ್ರೆಯಲ್ಲಿ ಅಪರೂಪ.

ಆದರೆ ಆ ಕಾಲವು ಶಾಂತಿಯ ಕಾಲವಾಗಿರಲಿಲ್ಲ. ಇದನ್ನು ಚರಿತ್ರೆಯ ವಿದ್ಯಾರ್ಥಿಯಾದ ನಾನು ಒತ್ತಿ ಹೇಳಬೇಕಾಗಿದೆ. ೧೭೮೧ರಲ್ಲಿ ಹೈದರಾಲಿಯ ಸೈನ್ಯವು, ಎಂದರೆ ನಮ್ಮ ಮೈಸೂರಿನ ಸೈನ್ಯವೇ, ತಂಜಾವೂರು ಸೀಮೆಗೆ ನುಗ್ಗಿ ಸೂರೆ ಮಾಡಿತು. ಆಗ ದೀಕ್ಷಿತರು ಐದಾರು ವರ್ಷದ ಬಾಲಕ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಅದೇ ವರ್ಷ ತಂಜಾವೂರಿನ ಸರಫೋಜಿ ಮಹಾರಾಜನು ರಾಜ್ಯದ ಆಡಳಿತವನ್ನು ಇಂಗ್ಲಿಷ್ ಕಂಪನಿಗೆ ಒಪ್ಪಿಸಿದನು. ಒಂದು ಯುಗ ಮುಳುಗಿ ಮತ್ತೊಂದು ಯುಗ ಏಳುತ್ತಿದ್ದ ಆ ಗದ್ದಲದ ನಡುವೆ ಈ ಸಂಗೀತ ಹುಟ್ಟಿತು. ನಿಶ್ಚಲತೆಯನ್ನು ಹಾಡಿದವರು ನಿಶ್ಚಿಂತೆಯ ಕಾಲದಲ್ಲಿ ಬಾಳಿದವರಲ್ಲ ಎಂಬುದನ್ನು ನಾವು ಮರೆಯಬಾರದು.

ತಂದೆ ರಾಮಸ್ವಾಮಿ ದೀಕ್ಷಿತರು ಸ್ವತಃ ದೊಡ್ಡ ವಾಗ್ಗೇಯಕಾರರು. ಇಂದು ನಮ್ಮ ಸಭೆಗಳಲ್ಲಿ ಗಣಪತಿಯ ಸ್ತುತಿಗೆ ಬಹಳವಾಗಿ ಬಳಕೆಯಾಗುವ ಹಂಸಧ್ವನಿ ರಾಗವನ್ನು ಲೋಕಕ್ಕೆ ಕೊಟ್ಟವರು ಅವರೇ. ಬಹುಕಾಲ ಮಕ್ಕಳಿಲ್ಲದೆ ಅವರು ವೈದ್ಯೇಶ್ವರನ ಕೋಯಿಲಿನ ಮುತ್ತುಕುಮಾರಸ್ವಾಮಿಗೆ ಹರಕೆ ಹೊತ್ತರೆಂದೂ ಆ ಬಳಿಕ ಹುಟ್ಟಿದ ಮಗನಿಗೆ ಆ ದೇವರ ಹೆಸರನ್ನೇ ಇಟ್ಟರೆಂದೂ ಹೇಳುತ್ತಾರೆ. ಮುತ್ತುಸ್ವಾಮಿಯ ತರುವಾಯ ಚಿನ್ನಸ್ವಾಮಿ, ಬಾಲುಸ್ವಾಮಿ ಎಂಬ ಇಬ್ಬರು ತಮ್ಮಂದಿರೂ ಬಾಲಾಂಬಾಳ್ ಎಂಬ ತಂಗಿಯೂ ಹುಟ್ಟಿದರು.

ಇಲ್ಲಿ ಕನ್ನಡಿಗರು ಅಭಿಮಾನಪಡತಕ್ಕ ಒಂದು ಸಂಗತಿಯುಂಟು. ತಂಜಾವೂರಿನ ನಾಯಕ ಅರಸರಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನು ಕನ್ನಡ ಮನೆತನದವನು. ಅವನ ಮಗ ವೆಂಕಟಮಖಿಯು ೧೭ನೆಯ ಶತಮಾನದಲ್ಲಿ ಚತುರ್ದಂಡೀ ಪ್ರಕಾಶಿಕೆ ಎಂಬ ಗ್ರಂಥವನ್ನು ಬರೆದು, ರಾಗಗಳಿಗೆಲ್ಲ ಆಧಾರವಾದ ೭೨ ಮೇಳಗಳ ಲೆಕ್ಕವನ್ನು ಹಾಕಿಕೊಟ್ಟನು. ರಾಮಸ್ವಾಮಿ ದೀಕ್ಷಿತರು ಈ ವೆಂಕಟಮಖಿಯ ಪರಂಪರೆಗೆ ಸೇರಿದ ವೆಂಕಟವೈದ್ಯನಾಥ ದೀಕ್ಷಿತರಲ್ಲಿ ಕಲಿತವರು. ಮಗನು ಬಾಳಿನ ಕೊನೆಯವರೆಗೂ ಅದೇ ಪದ್ಧತಿಯನ್ನು ಅನುಸರಿಸಿದನು. ಕನ್ನಡ ಮನೆತನದ ಒಬ್ಬ ವಿದ್ವಾಂಸನು ಅಗೆದ ಪಾಯದ ಮೇಲೆ ದೀಕ್ಷಿತರ ನಾದಮಂದಿರವು ಎದ್ದಿತೆಂದರೆ ತಪ್ಪಾಗಲಾರದು.

ಬಾಲ್ಯದಲ್ಲಿ ದೀಕ್ಷಿತರಿಗೆ ಸಂಸ್ಕೃತ ಕಾವ್ಯ, ವ್ಯಾಕರಣ, ಜ್ಯೋತಿಷ್ಯ ಮತ್ತು ವೀಣೆಯ ಶಿಕ್ಷಣವಾಯಿತು. ಮುಂದೆ ಕುಟುಂಬವು ಮದರಾಸಿನ ಬಳಿಯ ಮಣಲಿಗೆ ಬಂದು, ಅಲ್ಲಿನ ಜಮೀನುದಾರರಾದ ಮುದಲಿಯಾರರ ಆಶ್ರಯದಲ್ಲಿ ನೆಲೆಸಿತು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಇಂಗ್ಲಿಷರ ಸಿಪಾಯಿಗಳು ಬ್ಯಾಂಡ್ ಬಾರಿಸುತ್ತಿದ್ದರು. ಅಣ್ಣತಮ್ಮಂದಿರು ಅದನ್ನು ಕೇಳಿದರು. ತಮ್ಮ ಬಾಲುಸ್ವಾಮಿಯು ಆ ಬ್ಯಾಂಡಿನವರ ಪಿಟೀಲನ್ನು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಹೊಂದಿಸಿದನು. ಇಂದು ಕಛೇರಿಗಳಲ್ಲಿ ಗಾಯಕರ ಪಕ್ಕದಲ್ಲಿ ಪಿಟೀಲು ಕುಳಿತಿರುವುದಕ್ಕೆ ಅವನೂ ಒಬ್ಬ ಮುಖ್ಯ ಕಾರಣಕರ್ತ. ದೀಕ್ಷಿತರಾದರೋ ಆ ಪರದೇಶದ ಧಾಟಿಗಳಿಗೆ ಸಂಸ್ಕೃತದ ದೇವತಾಸ್ತುತಿಗಳನ್ನು ಕೂಡಿಸಿದರು. ನೊಟ್ಟುಸ್ವರ ಸಾಹಿತ್ಯವೆಂದು ಹೆಸರಾದ ಈ ಪುಟ್ಟ ಹಾಡುಗಳು ಮೂವತ್ತಕ್ಕೂ ಹೆಚ್ಚಾಗಿವೆ. ಇಂಗ್ಲೆಂಡಿನ ರಾಜಗೀತದ ಧಾಟಿಯೇ ಅವುಗಳಲ್ಲೊಂದರಲ್ಲಿ ಸಂಗೀತದ ಅಧಿದೇವತೆಯಾದ ಶ್ಯಾಮಲೆಯ ಪ್ರಾರ್ಥನೆಯಾಗಿಬಿಟ್ಟಿದೆ. ಗೆದ್ದವರ ಬ್ಯಾಂಡನ್ನು ಕೇಳಿ ಅಂಜಲೂ ಇಲ್ಲ, ಅದನ್ನು ದ್ವೇಷಿಸಲೂ ಇಲ್ಲ; ಅದರಲ್ಲಿ ಒಳ್ಳೆಯದೇನಿದೆಯೋ ಅದನ್ನು ತೆಗೆದು ಮಕ್ಕಳ ಬಾಯಲ್ಲಿ ಇಟ್ಟರು. ಇಂತಹ ಸಮಚಿತ್ತವು ತರುಣ ವಯಸ್ಸಿನಲ್ಲಿಯೇ ಅವರಿಗೆ ಒಲಿದಿತ್ತು.

ಮಣಲಿಗೆ ಚಿದಂಬರನಾಥ ಯೋಗಿ ಎಂಬ ಸನ್ಯಾಸಿಯು ಬಂದನು. ಅವನು ತರುಣ ಮುತ್ತುಸ್ವಾಮಿಯನ್ನು ಮೆಚ್ಚಿ, ತನ್ನೊಡನೆ ಕಾಶಿಗೆ ಕರೆದೊಯ್ಯಲು ತಂದೆಯ ಅಪ್ಪಣೆಯನ್ನು ಬೇಡಿದನು. ರೈಲಿಲ್ಲದ ಆ ಕಾಲದಲ್ಲಿ ಕಾಶಿಗೆ ಹೋಗುವುದೆಂದರೆ ಮರಳುವ ಭರವಸೆಯಿಲ್ಲದ ಪ್ರಯಾಣ. ದೀಕ್ಷಿತರು ಹೊರಟರು, ಅಲ್ಲಿ ಕೆಲವು ವರ್ಷ ಗುರುಸೇವೆಯಲ್ಲಿದ್ದು ವೇದಾಂತವನ್ನೂ ಶ್ರೀವಿದ್ಯೆಯ ಉಪಾಸನೆಯನ್ನೂ ಕಲಿತರು. ಹಿಂದೂಸ್ತಾನಿ ಗಾಯಕರು ಒಂದೊಂದು ಸ್ವರದ ಮೇಲೂ ನೆಲೆ ನಿಂತು, ಅವಸರವಿಲ್ಲದೆ ರಾಗವನ್ನು ಬಿಡಿಸುವ ಕ್ರಮವನ್ನು ಅವರು ಕೇಳಿದ್ದು ಅಲ್ಲಿಯೇ. ಗುರುವಿನ ಅಪ್ಪಣೆಯಂತೆ ಗಂಗೆಯಲ್ಲಿ ಇಳಿದಾಗ ಅವರ ಕೈಗೆ ಒಂದು ವೀಣೆ ದೊರೆಯಿತೆಂದೂ ಅದರ ಯಾಳಿಯ ಮುಖ ಮೇಲ್ಮುಖವಾಗಿದ್ದಿತೆಂದೂ ಐತಿಹ್ಯವುಂಟು. ಕಥೆಯನ್ನು ನಂಬುವುದೂ ಬಿಡುವುದೂ ಅವರವರ ಇಷ್ಟ. ದೀಕ್ಷಿತರ ಸಂಗೀತದಲ್ಲಿ ದಕ್ಷಿಣದ ವೀಣೆಯೂ ಗಂಗೆಯ ಗಂಭೀರ ನಡಿಗೆಯೂ ಕೂಡಿದವೆಂಬುದು ಮಾತ್ರ ಕಿವಿಗೇ ತಿಳಿಯುವ ಸತ್ಯ. ಗುರುವು ಕಾಶಿಯಲ್ಲಿಯೇ ದೇಹವನ್ನು ಬಿಟ್ಟನು. ಶಿಷ್ಯನು ಮಣಲಿಗೆ ಹಿಂದಿರುಗಿದನು.

ಆ ಬಳಿಕ ಅವರು ತಿರುತ್ತಣಿಯ ಬೆಟ್ಟದಲ್ಲಿ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ತಪಸ್ಸಿಗೆ ಕುಳಿತರು. ಒಬ್ಬ ವೃದ್ಧನು ಬಂದು ಅವರ ಬಾಯಲ್ಲಿ ಕಲ್ಲುಸಕ್ಕರೆಯ ತುಣುಕನ್ನಿಟ್ಟು ಮಾಯವಾದನೆಂದೂ, ಒಡನೆಯೇ ಅವರ ಬಾಯಿಂದ ಮಾಯಾಮಾಳವಗೌಳ ರಾಗದ ಮೊದಲ ಕೃತಿ ಹೊರಟಿತೆಂದೂ ಭಕ್ತರು ಹೇಳುತ್ತಾರೆ. ನಮ್ಮ ಸಂಗೀತ ಶಾಲೆಗಳಲ್ಲಿ ಸರಳೆಯ ಪಾಠವನ್ನು ಮೊದಲು ಮಾಡುವುದು ಈ ರಾಗದಲ್ಲಿಯೇ. ಮಹಾವಿದ್ವಾಂಸನಾದವನು ತನ್ನ ರಚನೆಯ ಬಾಳನ್ನು ಎಳೆಯ ಮಕ್ಕಳ ರಾಗದಿಂದಲೇ ತೊಡಗಿದನೆಂಬುದು ನನಗೆ ಬಹಳ ಹಿಡಿಸಿದ ವಿಷಯ. ಅಂದಿನಿಂದ ಗುರುಗುಹ ಎಂಬುದು ಅವರ ಅಂಕಿತವಾಯಿತು. ಗುಹನೆಂದರೆ ಸುಬ್ರಹ್ಮಣ್ಯ, ಹೃದಯದ ಗುಹೆಯಲ್ಲಿ ಇರುವವನು ಎಂಬ ಅರ್ಥವೂ ಉಂಟು. ಹೊರಗೆ ಅಲೆಯದೆ ಒಳಗೆ ಹೊಕ್ಕು ನೋಡು ಎಂಬ ಅವರ ಬಾಳಿನ ಆದರ್ಶವು ಈ ಒಂದು ಅಂಕಿತದಲ್ಲಿಯೇ ಅಡಗಿದೆ.

ಆ ಆದರ್ಶವು ಅದ್ವೈತ. ತಿರುತ್ತಣಿಯಿಂದ ಅವರು ಕಾಂಚೀಪುರಕ್ಕೆ ಬಂದು ಕೆಲವು ಕಾಲ ನೆಲೆಸಿದರು. ಅಲ್ಲಿ ಉಪನಿಷದ್ ಬ್ರಹ್ಮೇಂದ್ರರೆಂಬ ಯತಿಗಳ ಸಂಗದಿಂದ ಅವರ ವೇದಾಂತ ಜ್ಞಾನವು ಪಕ್ವವಾಯಿತೆಂದು ಪ್ರತೀತಿ. ಇರುವ ವಸ್ತು ಒಂದೇ, ಹೆಸರುಗಳು ಹಲವು ಎಂಬ ಮಾತನ್ನು ನಾವೆಲ್ಲರೂ ತತ್ತ್ವಶಾಸ್ತ್ರದ ಪಾಠದಲ್ಲಿ ಕೇಳಿ ಬರೆದುಕೊಂಡಿದ್ದೇವೆ. ದೀಕ್ಷಿತರು ಅದನ್ನು ಕಾಲ್ನಡಿಗೆಯಲ್ಲಿ ಬಾಳಿದರು. ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋದರು; ಹೋದಲ್ಲೆಲ್ಲ ಆ ಕ್ಷೇತ್ರದ ದೇವತೆಯನ್ನು ಸ್ತುತಿಸಿದರು. ಶಿವ, ವಿಷ್ಣು, ಅಂಬಿಕೆ, ಗಣಪತಿ, ಸುಬ್ರಹ್ಮಣ್ಯ, ನವಗ್ರಹ, ಯಾರಲ್ಲಿಯೂ ಹೆಚ್ಚುಕಡಿಮೆಯಿಲ್ಲ. ಆಯಾ ಸ್ಥಳದ ತೀರ್ಥ, ವೃಕ್ಷ, ಸ್ಥಳಪುರಾಣ, ಪೂಜಾಕ್ರಮ ಮೊದಲಾದವನ್ನು ಹಾಡಿನಲ್ಲಿ ಹೊಂದಿಸಿದರು. ಎಷ್ಟೋ ಕಡೆ ರಾಗದ ಹೆಸರನ್ನೂ ಅರ್ಥಕ್ಕೆ ಲೋಪ ಬಾರದಂತೆ ಸಾಹಿತ್ಯದೊಳಗೆ ಹೆಣೆದರು. ಅಂಕಿತವಾದರೋ ಎಲ್ಲ ಕಡೆಯೂ ಒಂದೇ. ದೇವರ ಹೆಸರು ಊರೂರಿಗೆ ಬದಲಾಗುತ್ತದೆ. ನೋಡುವ ಹೃದಯ ಬದಲಾಗುವುದಿಲ್ಲ.

ಪಂಚಭೂತಗಳ ಐದು ಲಿಂಗಗಳ ಮೇಲೆ ಅವರು ರಚಿಸಿದ ಕೃತಿಗಳನ್ನು ನೋಡೋಣ. ಕಾಂಚಿಯಲ್ಲಿ ಪೃಥ್ವಿ, ತಿರುವಾನೈಕ್ಕಾವಿನಲ್ಲಿ ಜಲ, ತಿರುವಣ್ಣಾಮಲೆಯಲ್ಲಿ ಅಗ್ನಿ, ಕಾಳಹಸ್ತಿಯಲ್ಲಿ ವಾಯು, ಚಿದಂಬರದಲ್ಲಿ ಆಕಾಶ. ಜಲಲಿಂಗದ ಕೃತಿಗೆ ಅವರು ಆರಿಸಿಕೊಂಡದ್ದು ಯಮುನಾ ಕಲ್ಯಾಣಿ ರಾಗವನ್ನು. ಅದರ ಸಾಹಿತ್ಯದಲ್ಲಿ ಸಮುದ್ರವೂ ಗಂಗೆಯೂ ಕಾವೇರಿಯೂ ಯಮುನೆಯೂ ಬರುತ್ತವೆ. ಆ ದೇಗುಲದ ಗರ್ಭಗುಡಿಯಲ್ಲಿ ಲಿಂಗದ ಬುಡದಿಂದ ನೀರು ಒಸರುತ್ತದೆ. ಹಾಡೂ ಹಾಗೆಯೇ, ಹರಿಯುವುದಿಲ್ಲ, ಒಸರುತ್ತದೆ. ಅರ್ಥವನ್ನು ತಿಳಿಯದೆ ಆಕಾಶವಾಣಿಯಲ್ಲಿ ನಾನು ಈ ಕೃತಿಯನ್ನು ಮೊದಲು ಕೇಳಿದೆ. ಅರ್ಥವನ್ನು ತಿಳಿದ ಮೇಲೆ ಮತ್ತೆ ಕೇಳಿದೆ. ಎರಡು ಸಲವೂ ಮನಸ್ಸಿಗೆ ಆದ ತಂಪು ಒಂದೇ. ಸಾಹಿತ್ಯವು ಹೇಳುವುದನ್ನು ನಾದವು ಅದಾಗಲೇ ಮಾಡಿ ತೋರಿಸಿರುತ್ತದೆ.

ಇದು ಹೇಗೆ ಸಾಧ್ಯವಾಗುತ್ತದೆ? ಬಲ್ಲವರನ್ನು ಕೇಳಿ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ದೀಕ್ಷಿತರ ಕೃತಿಗಳಲ್ಲಿ ಬಹುಪಾಲು ಚೌಕ ಕಾಲದಲ್ಲಿ, ಎಂದರೆ ಬಹಳ ನಿಧಾನವಾದ ನಡೆಯಲ್ಲಿ ಇವೆ. ತಾಳದ ಒಂದು ಸುತ್ತು ಮುಗಿಯುವಷ್ಟರಲ್ಲಿ ಬರುವ ಅಕ್ಷರಗಳು ಕೆಲವೇ. ಅಕ್ಷರಕ್ಕೂ ಅಕ್ಷರಕ್ಕೂ ನಡುವಣ ಬಯಲನ್ನೆಲ್ಲ ಸ್ವರವೇ ತುಂಬಬೇಕು. ಅವರು ವೈಣಿಕರಾದುದರಿಂದ, ವೀಣೆಯ ತಂತಿಯನ್ನು ಮೆಟ್ಟಿಲ ಮೇಲೆ ಎಳೆದು ಒಂದೇ ಮೀಟಿನಲ್ಲಿ ಹಲವು ಸ್ವರಗಳನ್ನು ಹೊರಡಿಸುವ ಗಮಕವು ಆ ಬಯಲಿನಲ್ಲಿ ನಿಧಾನವಾಗಿ ಅರಳುತ್ತದೆ. ಕೇಳುವವನಿಗೆ ಮುಂದಿನ ಮಾತಿಗೆ ಓಡಲು ದಾರಿಯಿಲ್ಲ. ಇರುವ ಸ್ವರದಲ್ಲಿಯೇ ಇರಬೇಕು. ಮೊದಮೊದಲು ಮನಸ್ಸು ಚಡಪಡಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಚಡಪಡಿಕೆ ತಾನಾಗಿ ಅಡಗುತ್ತದೆ. ಹೀಗೆ ನಿಂತ ಮೇಲೆ, ಹಾಡಿನ ಕೊನೆಯ ಕಡೆಗೆ ಮಧ್ಯಮ ಕಾಲದ ಸಾಹಿತ್ಯವು ಒಮ್ಮೆಗೇ ಇಮ್ಮಡಿ ವೇಗದಲ್ಲಿ ಬರುತ್ತದೆ. ಕೆರೆ ತುಂಬಿ ಕೋಡಿ ಬಿದ್ದಂತೆ! ಕೋಡಿಯ ನೀರಿನ ರಭಸವನ್ನು ಕಂಡು ಹಿಗ್ಗುವವನು, ಅದಕ್ಕೆ ಮೊದಲು ಕೆರೆ ದಿನವೆಲ್ಲ ಸದ್ದಿಲ್ಲದೆ ತುಂಬಿದ್ದನ್ನು ಮರೆಯಬಾರದು.

ಹುಟ್ಟೂರಾದ ತಿರುವಾರೂರಿಗೆ ದೀಕ್ಷಿತರು ಮರಳಿ ಬಂದು ಬಹಳ ವರ್ಷ ಅಲ್ಲಿದ್ದರು. ಅವರ ಪ್ರತಿಭೆಯ ಶಿಖರವೆನ್ನತಕ್ಕ ಕಮಲಾಂಬಾ ನವಾವರಣ ಕೃತಿಗಳು ಹುಟ್ಟಿದ್ದು ಅಲ್ಲಿ. ಶ್ರೀಚಕ್ರದ ಒಂಬತ್ತು ಆವರಣಗಳಿಗೆ ಒಂಬತ್ತು ಕೃತಿಗಳು. ಮೊದಲಿಗೆ ತೋಡಿಯಲ್ಲಿ ಒಂದು ಧ್ಯಾನಕೃತಿ, ಕೊನೆಗೆ ಶ್ರೀರಾಗದಲ್ಲಿ ಒಂದು ಮಂಗಳ. ಆನಂದಭೈರವಿಯಿಂದ ಆಹಿರಿಯವರೆಗೆ ಒಂಬತ್ತು ರಾಗಗಳಲ್ಲಿ ಸಾಧಕನು ಹೊರಗಿನ ಆವರಣದಿಂದ ನಡುವಣ ಬಿಂದುವಿನ ಕಡೆಗೆ ಹೆಜ್ಜೆಯಿಡುತ್ತಾನೆ. ಶ್ರೀವಿದ್ಯೆಯ ರಹಸ್ಯವು ನನ್ನಂಥವನ ಅಳವಲ್ಲ. ಆದರೆ ಅದರಲ್ಲಿ ನನಗೂ ತಿಳಿಯುವ ಒಂದು ವಿಷಯವಿದೆ, ಅದು ವ್ಯಾಕರಣ.

ನಾವು ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದ್ದೇವೆ. ಪ್ರಥಮಾ, ದ್ವಿತೀಯಾ, ತೃತೀಯಾ ಎಂದು ಹಲಗೆಯ ಮೇಲೆ ಬರೆದ ಪಟ್ಟಿಯಂಥ ಒಣ ವಸ್ತು ಮತ್ತೊಂದಿಲ್ಲವೆಂದು ನಮ್ಮ ತರಗತಿಯಲ್ಲಿ ಎಲ್ಲರ ಅಭಿಪ್ರಾಯ. ದೀಕ್ಷಿತರು ಆ ಪಟ್ಟಿಯನ್ನೇ ಧ್ಯಾನವನ್ನಾಗಿ ಮಾಡಿದರು. ಮೊದಲ ಕೃತಿಯಲ್ಲಿ ಕಮಲಾಂಬೆ ಕರ್ತೃವಾಗಿ ಕಾಪಾಡುತ್ತಾಳೆ. ಎರಡನೆಯದರಲ್ಲಿ ಮನಸ್ಸು ಅವಳನ್ನು ಭಜಿಸುತ್ತದೆ. ಮೂರನೆಯದರಲ್ಲಿ ಅವಳಿಂದ ಕಟಾಕ್ಷ, ನಾಲ್ಕನೆಯದರಲ್ಲಿ ಅವಳಿಗೆ ನಮಸ್ಕಾರ. ಐದನೆಯದರಲ್ಲಿ ಅವಳಿಗಿಂತ ಬೇರೆಯಾದುದು ಇಲ್ಲವೆಂಬ ನಿಶ್ಚಯ. ಹೀಗೆ ಸಂಬೋಧನೆಯವರೆಗೆ ಎಂಟು ಕೃತಿಗಳಲ್ಲಿ ಎಂಟು ವಿಭಕ್ತಿಗಳು ಬಂದು, ಒಂಬತ್ತನೆಯದರಲ್ಲಿ ಎಲ್ಲವೂ ಒಟ್ಟಿಗೆ ಸೇರುತ್ತವೆ. ತಿರುತ್ತಣಿಯ ಗುರುಗುಹ ಕೃತಿಗಳನ್ನೂ ಮಾಯವರದ ಅಭಯಾಂಬೆಯ ಕೃತಿಗಳನ್ನೂ ಅವರು ಇದೇ ಕ್ರಮದಲ್ಲಿ ಕಟ್ಟಿದ್ದಾರೆ. ಒಂದೇ ಹೆಸರನ್ನು ಎಂಟು ಕಡೆಯಿಂದ ತಿರುಗಿಸಿ ತಿರುಗಿಸಿ ನೋಡುವಾಗ ಮನಸ್ಸು ಬೇರೆಲ್ಲಿಗೆ ಹೋದೀತು? ಚಂಚಲವಾದ ಕರುವನ್ನು ಗೂಟಕ್ಕೆ ಕಟ್ಟಿದರೆ ಅದು ಸುತ್ತುತ್ತ ಸುತ್ತುತ್ತ ಕೊನೆಗೆ ಗೂಟದ ಬಳಿಯೇ ಮಲಗುತ್ತದೆ. ವಿಭಕ್ತಿಯು ಇಲ್ಲಿ ಆ ಹಗ್ಗದ ಕೆಲಸವನ್ನು ಮಾಡುತ್ತದೆ.

ಇನ್ನೊಂದು ಉದಾಹರಣೆ. ತಿರುವಾರೂರಿನ ತ್ಯಾಗರಾಜಸ್ವಾಮಿಯ ಮೇಲೆ ಆನಂದಭೈರವಿಯಲ್ಲಿ ಅವರ ಒಂದು ಕೃತಿಯಿದೆ. ಅದರಲ್ಲಿ ಒಂದು ದೀರ್ಘವಾದ ಪದಪುಂಜವು ಮೊದಲು ಪೂರ್ಣವಾಗಿ ಬಂದು, ಬಳಿಕ ತಲೆಯ ಕಡೆಯಿಂದ ಕಿರಿದಾಗುತ್ತ ಆಗುತ್ತ, ಕೊನೆಗೆ ಒಂದೇ ಅಕ್ಷರವಾಗಿ ನಿಲ್ಲುತ್ತದೆ. ಪ್ರತಿ ಸಲವೂ ಉಳಿದ ಭಾಗಕ್ಕೆ ಅರ್ಥವಿದೆ. ಬುಡದಲ್ಲಿ ದಪ್ಪನಾಗಿ ತುದಿಯಲ್ಲಿ ಸಣ್ಣದಾಗುವ ಹಸುವಿನ ಬಾಲದಂತಿರುವುದರಿಂದ ಇದನ್ನು ಗೋಪುಚ್ಛ ಯತಿ ಎನ್ನುತ್ತಾರೆ. ಇದನ್ನು ಬರಿಯ ಶಬ್ದಚಮತ್ಕಾರವೆಂದು ತಳ್ಳಿಹಾಕುವವರೂ ಉಂಟು. ನನಗೆ ಹಾಗೆ ತೋರುವುದಿಲ್ಲ. ಯೋಗದ ವೈಭವವನ್ನು ಹೇಳುವ ಹಾಡಿನಲ್ಲಿ ಮಾತು ಕಳಚುತ್ತ ಕಳಚುತ್ತ ಮೌನದ ಅಂಚಿಗೆ ಬರುವುದಕ್ಕಿಂತ ಯೋಗ್ಯವಾದ ರೂಪ ಮತ್ತಾವುದಿದ್ದೀತು?

ದೀಕ್ಷಿತರ ಹಾಡು ಕಠಿನ, ಅದರಲ್ಲಿ ಭಾವ ಕಡಿಮೆ ಎಂಬ ಆಕ್ಷೇಪವನ್ನು ನಾನು ಕೇಳಿದ್ದೇನೆ. ತ್ಯಾಗರಾಜರು ರಾಮನೊಡನೆ ಮಾತನಾಡುತ್ತಾರೆ. ಬೇಡುತ್ತಾರೆ, ಅಳುತ್ತಾರೆ, ಮುನಿಯುತ್ತಾರೆ. ನಮ್ಮ ಪುರಂದರದಾಸರೂ ಹಾಗೆಯೇ. ಆ ಸಲಿಗೆ ದೀಕ್ಷಿತರಲ್ಲಿ ವಿರಳವೆಂಬುದು ನಿಜ. ಅವರು ದೇವರ ಮುಂದೆ ನಿಂತು ನೋಡುತ್ತಾರೆ, ಕಂಡದ್ದನ್ನು ಹೇಳುತ್ತಾರೆ, ಸುಮ್ಮನಾಗುತ್ತಾರೆ. ದೇವರು ಬೇರೆ, ತಾನು ಬೇರೆ ಎಂದು ನಂಬಿದವನಿಗೆ ಕೂಗಿ ಕರೆಯುವ ಅವಶ್ಯಕತೆಯುಂಟು. ಹೃದಯದ ಗುಹೆಯಲ್ಲಿಯೇ ಇದ್ದಾನೆಂದು ತಿಳಿದವನಿಗೆ ಕೂಗಿನ ಅವಶ್ಯಕತೆಯಿಲ್ಲ. ಒಂದು ಹೆಚ್ಚು, ಒಂದು ಕಡಿಮೆ ಎಂದಲ್ಲ. ಎರಡು ದಾರಿಗಳು, ಅಷ್ಟೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಈ ಶಾಂತಿಯು ಹೊಟ್ಟೆ ತುಂಬಿದವರ ಸೊತ್ತಾಗಿತ್ತೆ? ದೀಕ್ಷಿತರು ಬಡತನದಲ್ಲಿಯೇ ಬಾಳಿದರು. ಒಮ್ಮೆ ತಿರುವಾರೂರಿನಲ್ಲಿ ಮನೆಯಲ್ಲಿ ಅಡಿಗೆಗೆ ಸಾಮಾನಿಲ್ಲದಿದ್ದಾಗ, ಅವರ ಶಿಷ್ಯೆಯಾದ ಕಮಲಂ ಎಂಬ ನರ್ತಕಿಯು ತನ್ನ ಒಡವೆಗಳನ್ನು ಒತ್ತೆಯಿಟ್ಟು ಸಾಮಾನು ತರಿಸಲು ಮುಂದಾದಳೆಂದೂ ದೀಕ್ಷಿತರು ಅದಕ್ಕೆ ಒಪ್ಪದೆ ಲಲಿತ ರಾಗದಲ್ಲಿ ಲಕ್ಷ್ಮಿಯ ಮೇಲೆ ಒಂದು ಕೃತಿಯನ್ನು ರಚಿಸಿದರೆಂದೂ ಹೇಳುತ್ತಾರೆ. ಮನುಷ್ಯರನ್ನು ಹೊಗಳಿ ಹೊಟ್ಟೆ ಹೊರೆಯುವುದಿಲ್ಲವೆಂಬುದೇ ಆ ಕೃತಿಯ ಹುರುಳು. ಅರಮನೆಗಳು ವಿದ್ವಾಂಸರನ್ನು ಸಾಕುತ್ತಿದ್ದ ಕಾಲದಲ್ಲಿ ಹೀಗೆ ನಿಲ್ಲುವುದು ಸುಲಭವಲ್ಲ. ಉಪ್ಪು, ಅಕ್ಕಿಗಳ ಚಿಂತೆಯನ್ನು ಅರಿಯದ ಮನುಷ್ಯನ ನಿಶ್ಚಲತೆ ಒಂದು ಬಗೆ. ಅರಿತೂ ಅಲುಗದವನ ನಿಶ್ಚಲತೆ ಬೇರೊಂದು ಬಗೆ. ಮೊದಲನೆಯದು ಅದೃಷ್ಟ, ಎರಡನೆಯದು ಸಾಧನೆ. ಸೋಮಾರಿಯೂ ಸುಮ್ಮನಿರುತ್ತಾನೆ, ಆದರೆ ಅವನ ಮನಸ್ಸು ಹತ್ತು ಊರು ಸುತ್ತುತ್ತಿರುತ್ತದೆ. ದೀಕ್ಷಿತರ ಒಂದು ಕೃತಿಯ ಹಿಂದಿರುವ ದುಡಿಮೆಯನ್ನು ಬಲ್ಲವರು, ನಿಶ್ಚಲತೆಗೂ ಮೈಗಳ್ಳತನಕ್ಕೂ ಇರುವ ಅಂತರವನ್ನು ಬಲ್ಲರು.

ಈ ಸಂಗೀತವನ್ನು ಅವರು ಯಾರಿಗೆ ಕಲಿಸಿದರೆಂಬುದೂ ವಿಚಾರ ಮಾಡತಕ್ಕದ್ದು. ಅವರ ಶಿಷ್ಯವರ್ಗದಲ್ಲಿ ದೇವಾಲಯದ ನರ್ತಕಿಯರಿದ್ದರು, ನಟ್ಟುವನಾರರಿದ್ದರು, ಶುದ್ಧ ಮದ್ದಳೆಯನ್ನು ಬಾರಿಸುತ್ತಿದ್ದ ತಂಬಿಯಪ್ಪನಿದ್ದನು. ಈ ತಂಬಿಯಪ್ಪನಿಗೆ ತೀವ್ರವಾದ ಹೊಟ್ಟೆನೋವು ಬಂದಾಗ, ದೀಕ್ಷಿತರು ಅವನ ಜಾತಕವನ್ನು ನೋಡಿ, ಬೃಹಸ್ಪತಿಯ ಮೇಲೆ ಅಠಾಣ ರಾಗದಲ್ಲಿ ಒಂದು ಕೃತಿಯನ್ನು ಮಾಡಿ ಹಾಡಲು ಕೊಟ್ಟರೆಂದೂ, ವಾರದ ಏಳು ಗ್ರಹಗಳ ಕೃತಿಗಳಿಗೆ ಇದೇ ಮೂಲವೆಂದೂ ಕಥೆ. ಆ ಏಳು ಕೃತಿಗಳನ್ನು ನಮ್ಮ ಹರಿದಾಸರ ಸುಳಾದಿಗಳಿಂದ ಹೆಸರು ಪಡೆದ ಏಳು ತಾಳಗಳಲ್ಲಿ ಕೂಡಿಸಿದ್ದಾರೆ. ಜಾತಕದಿಂದ ರೋಗ ಹೋಗುವುದೆಂದು ಇಂದಿನ ವಿದ್ಯಾರ್ಥಿಯು ನಂಬಬೇಕಾಗಿಲ್ಲ. ಆದರೆ ಒಂದನ್ನು ಗಮನಿಸಬೇಕು. ಮಂತ್ರಕ್ಕೆ ಅಧಿಕಾರಿ, ಅನಧಿಕಾರಿ ಎಂಬ ಭೇದವುಂಟು, ಹಾಡಿಗೆ ಅದಿಲ್ಲ. ಮದ್ದಳೆಯವನ ಕೈಗೆ ಗುರುವು ಕೊಟ್ಟದ್ದು ಹಾಡನ್ನು.

ತಂಜಾವೂರು ನಾಲ್ವರೆಂದು ಪ್ರಸಿದ್ಧರಾದ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ಅಣ್ಣತಮ್ಮಂದಿರೂ ದೀಕ್ಷಿತರ ಶಿಷ್ಯರೇ. ನಟ್ಟುವನಾರರ ಮನೆತನದ ಈ ನಾಲ್ವರು, ಅಲರಿಪುವಿನಿಂದ ತಿಲ್ಲಾನದವರೆಗೆ ಇಂದಿನ ಭರತನಾಟ್ಯದ ಕ್ರಮವನ್ನು ರೂಪಿಸಿದರು. ವಡಿವೇಲು ತಿರುವಾಂಕೂರಿನಲ್ಲಿ ಸ್ವಾತಿ ತಿರುನಾಳ್ ಮಹಾರಾಜರ ಆಸ್ಥಾನವನ್ನು ಸೇರಿದನು. ಚಿನ್ನಯ್ಯನು ನಮ್ಮ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನೆಲೆಸಿದನು. ತಿರುವಾರೂರಿನಲ್ಲಿ ಹಚ್ಚಿದ ದೀಪವು ಹೀಗೆ ಮೈಸೂರಿಗೂ ಬೆಳಕನ್ನು ಕೊಟ್ಟಿತು.

ಇಷ್ಟರಿಂದ ದೀಕ್ಷಿತರು ಜಾತಿಯ ಕಟ್ಟನ್ನು ಮುರಿದ ಸುಧಾರಕರೆಂದು ನಾನು ಹೇಳಲಾರೆ. ಅವರು ತಮ್ಮ ಕಾಲದ ಆಚಾರವನ್ನು ನಿಷ್ಠೆಯಿಂದ ನಡೆಸಿದವರು. ಕೆಲವೇ ಕೆಲವು ಮಣಿಪ್ರವಾಳ ಮತ್ತು ತೆಲುಗು ರಚನೆಗಳನ್ನು ಬಿಟ್ಟರೆ ಹಾಡಿದ್ದೆಲ್ಲ ಸಂಸ್ಕೃತದಲ್ಲಿ. ಆ ಭಾಷೆಯ ಬಾಗಿಲು ನಮ್ಮ ಅಜ್ಜಮುತ್ತಜ್ಜಂದಿರಿಗೆ ಮುಚ್ಚಿತ್ತು. ಅವರ ಹಾಡನ್ನು ಎದೆಯಲ್ಲಿ ಹೊತ್ತು ಉಳಿಸಿದ ನರ್ತಕಿಯರಿಗೂ ವಾದ್ಯದವರಿಗೂ ಸಮಾಜವು ಮುಂದೆ ತಕ್ಕ ಮರ್ಯಾದೆಯನ್ನು ಕೊಡಲಿಲ್ಲ. ಇದನ್ನು ಮುಚ್ಚಿಡುವುದು ಚರಿತ್ರೆಗೆ ದ್ರೋಹ. ಆದರೆ ಮಾತಿನ ಬಾಗಿಲು ಮುಚ್ಚಿದ್ದ ಕಡೆಯೂ ನಾದದ ಕಿಟಕಿ ತೆರೆದಿತ್ತು, ಆ ಕಿಟಕಿಯ ಬಳಿ ಬಂದವರಿಗೆ ದೀಕ್ಷಿತರು ಬೆನ್ನು ತಿರುಗಿಸಲಿಲ್ಲ ಎಂಬುದೂ ಚರಿತ್ರೆಯೇ.

ಕೊನೆಯ ದಿನಗಳಲ್ಲಿ ಅವರು ತೆಂಕಣ ಎಟ್ಟಯಾಪುರಕ್ಕೆ ಹೋದರು. ತಮ್ಮ ಬಾಲುಸ್ವಾಮಿಯು ಅಲ್ಲಿಯ ಅರಸರ ಆಸ್ಥಾನ ವಿದ್ವಾಂಸನಾಗಿದ್ದನು. ದಾರಿಯಲ್ಲಿ ಬರದಿಂದ ಬಿರಿದ ನೆಲವನ್ನು ಕಂಡು ಮನ ಕರಗಿ ಅಮೃತವರ್ಷಿಣಿ ರಾಗದಲ್ಲಿ ಹಾಡಿದಾಗ ಮಳೆ ಸುರಿಯಿತೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ಮಳೆಯ ಮಾತು ಹೇಗೇ ಇರಲಿ. ತನಗಾಗಿ ಯಾರಲ್ಲಿಯೂ ಏನನ್ನೂ ಬೇಡದವರು ರೈತನ ಹೊಲಕ್ಕಾಗಿ ಬೇಡಿದರೆಂದು ಜನರು ನೆನೆಯುತ್ತಾರಲ್ಲ, ಅದು ದೊಡ್ಡದು.

೧೮೩೫ನೆಯ ಇಸವಿ ಅಕ್ಟೋಬರ್ ೨೧, ನರಕ ಚತುರ್ದಶಿ. ಊರಿಗೆಲ್ಲ ದೀಪಾವಳಿಯ ಸಡಗರ. ದೀಕ್ಷಿತರು ಪೂಜೆಯನ್ನು ಮುಗಿಸಿ, ಮಧುರೆಯ ಮೀನಾಕ್ಷಿಯ ಮೇಲಿನ ತಮ್ಮದೊಂದು ಕೃತಿಯನ್ನು ಹಾಡಲು ಶಿಷ್ಯರಿಗೆ ಹೇಳಿದರೆಂದೂ, ಅದನ್ನು ಕೇಳುತ್ತಲೇ ಪ್ರಾಣವನ್ನು ಬಿಟ್ಟರೆಂದೂ ಪರಂಪರೆಯು ಹೇಳುತ್ತದೆ. ಅವರಿಗೆ ಆಗ ಸುಮಾರು ಅರವತ್ತು ವರ್ಷ. ಅವರ ಸಮಾಧಿ ಎಟ್ಟಯಾಪುರದಲ್ಲಿದೆ.

ಬಾಲುಸ್ವಾಮಿಯ ಮಗಳ ಮಗನೂ ದತ್ತುಪುತ್ರನೂ ಆದ ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ಸಂಗೀತ ಸಂಪ್ರದಾಯ ಪ್ರದರ್ಶಿನಿ ಎಂಬ ಮಹಾಗ್ರಂಥವನ್ನು ತೆಲುಗು ಲಿಪಿಯಲ್ಲಿ ಪ್ರಕಟಿಸಿದರು. ದೊಡ್ಡಪ್ಪನಂತಿದ್ದ ಹಿರಿಯರ ೨೨೯ ಕೃತಿಗಳು ಸ್ವರಲಿಪಿಯೊಡನೆ ಅದರಲ್ಲಿ ಉಳಿದವು. ಮನೆತನದ ನಿಧಿಯನ್ನು ಹೊರಗೆ ಹಾಕುವಂತೆ ಅವರನ್ನು ಒತ್ತಾಯಿಸಿದವರಲ್ಲಿ ಮುಖ್ಯರಾದ ಎ. ಎಂ. ಚಿನ್ನಸ್ವಾಮಿ ಮುದಲಿಯಾರರು ಕ್ರೈಸ್ತರು. ಬೀಗ ಹಾಕಿಟ್ಟಿದ್ದ ವಿದ್ಯೆಯು ಅಚ್ಚಿನ ಪುಸ್ತಕವಾಗಿ ಬಂದುದರಿಂದ, ಇಂದು ಯಾವ ಮನೆಯಲ್ಲಿ ಹುಟ್ಟಿದವನಾದರೂ ಅದನ್ನು ಬಿಡಿಸಿ ನೋಡಬಹುದಾಗಿದೆ.

ಸಹಪಾಠಿಗಳೇ, ನಮ್ಮದು ಅವಸರದ ಕಾಲ. ಪರೀಕ್ಷೆಯ ಅವಸರ, ಕೆಲಸ ಹುಡುಕುವ ಅವಸರ, ಮನೆಯವರ ನಿರೀಕ್ಷೆಯನ್ನು ಪೂರೈಸುವ ಅವಸರ. ನಮ್ಮಲ್ಲಿ ಅನೇಕರು ತಮ್ಮ ಮನೆಯ ಮೊದಲ ಪದವೀಧರರಾಗಲಿರುವವರು. ನಮ್ಮ ಹೆಗಲ ಮೇಲೆ ಇಡೀ ಸಂಸಾರದ ಆಸೆ ಕುಳಿತಿದೆ. ಇಂಥವರಿಗೆ ನಿಶ್ಚಲತೆಯು ಭೋಗವಲ್ಲ, ಬಲ. ತಳಮಳಿಸುವ ಕೈಯಿಂದ ನೇಗಿಲಿನ ಸಾಲೂ ನೇರವಾಗಿ ಬರುವುದಿಲ್ಲ, ಲೇಖನಿಯ ಸಾಲೂ ಬರುವುದಿಲ್ಲ. ಸುಮ್ಮನೆ ಕುಳಿತವನನ್ನು ಗದರಿಸುವ ನಮ್ಮ ಹಿರಿಯರೇ, ಬಿತ್ತಿದ ಮೇಲೆ ಮೊಳಕೆಗಾಗಿ ಅಲುಗದೆ ಕಾಯುವುದನ್ನು ಬಲ್ಲವರು. ಆ ತಾಳ್ಮೆಗೂ ದೀಕ್ಷಿತರ ಚೌಕ ಕಾಲಕ್ಕೂ ದೂರದ ನಂಟಲ್ಲ, ಹತ್ತಿರದ ನಂಟೇ ಇದೆಯೆಂದು ನನ್ನ ನಂಬಿಕೆ.

ಯುದ್ಧಗಳ ನಡುವೆ, ಬಡತನದ ನಡುವೆ, ರಾಜ್ಯಗಳು ಉರುಳುವ ಸದ್ದಿನ ನಡುವೆ ಒಬ್ಬ ಮನುಷ್ಯನು ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಸ್ವರಕ್ಕೂ ಅದಕ್ಕೆ ಸಲ್ಲತಕ್ಕ ಹೊತ್ತನ್ನು ಸಲ್ಲಿಸಿದನು. ಆ ರಾಜ್ಯಗಳು ಈಗಿಲ್ಲ. ಆ ಸ್ವರಗಳು ಇವೆ. ಈ ಮಹನೀಯರ ಒಂದು ಕೃತಿಯನ್ನಾದರೂ ವಿದ್ಯಾರ್ಥಿಮಿತ್ರರು ಕೊನೆಯವರೆಗೆ ಕುಳಿತು ಕೇಳಲಿ ಎಂದು ಹಾರೈಸಿ, ನಾದಯೋಗಿಗಳ ಅಡಿಗೆ ವಂದಿಸಿ, ಈ ಬರೆಹವನ್ನು ಮುಗಿಸುತ್ತೇನೆ.